ಪರಮಾಣು ಎಣಿಸುವ ಪ್ರೋಗ್ರಾಂ, ಮಾತ್ರೆ ಎಣಿಸುವ ಪ್ರೋಗ್ರಾಂ

ಕಂಪ್ಯೂಟರ್ ಸೈನ್ಸಿನ ಮೊದಲ ಪಾಠಕ್ಕೆ ಎರಡು ದಾರಿಗಳಿವೆ. ಹೆಚ್ಚು ಬಳಕೆಯಲ್ಲಿರುವ ದಾರಿಯಲ್ಲಿ ಪ್ರೋಗ್ರಾಮಿಂಗ್ ಭಾಷೆಯ ಭಾಗಗಳನ್ನು ಒಂದೊಂದಾಗಿ ಹೇಳಿಕೊಡುತ್ತಾರೆ. ಈ ವಾರ ವೇರಿಯಬಲ್, ಮುಂದಿನ ವಾರ ಲೂಪ್, ಆಮೇಲೆ ಅರೇ, ಕೊನೆಗೆ ಫಂಕ್ಷನ್. ಪ್ರತಿಯೊಂದಕ್ಕೂ ಒಂದು ಪುಟ್ಟ ಅಭ್ಯಾಸ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿವಿಲ್, ಮೆಕ್ಯಾನಿಕಲ್ ಎನ್ನದೆ ಎಲ್ಲ ಶಾಖೆಯವರೂ ಮೊದಲ ವರ್ಷದಲ್ಲಿ ಸಿ ಭಾಷೆ ಕಲಿತದ್ದು ಬಹುಮಟ್ಟಿಗೆ ಹೀಗೆಯೇ. ವರ್ಗಸಮೀಕರಣದ ಮೂಲಗಳು, ಪ್ಯಾಲಿಂಡ್ರೋಮ್, ಮ್ಯಾಟ್ರಿಕ್ಸ್ ಗುಣಾಕಾರ, ಬಬಲ್ ಸಾರ್ಟ್, ವಿದ್ಯುತ್ ಬಿಲ್ಲಿನ ಲೆಕ್ಕ: ಲ್ಯಾಬ್ ರೆಕಾರ್ಡಿನ ಈ ಪಟ್ಟಿ ಅಣ್ಣಂದಿರಿಂದ ತಮ್ಮಂದಿರಿಗೆ ಹೆಚ್ಚೇನೂ ಬದಲಾಗದೆ ದಾಟಿ ಬಂದಿದೆ.

ಇನ್ನೊಂದು ದಾರಿಯಲ್ಲಿ ಸಮಸ್ಯೆ ಮುಂದೆ ಬರುತ್ತದೆ, ಭಾಷೆ ಅದರ ಹಿಂದೆ. ಆ ಸಮಸ್ಯೆಯೂ ಹೊರಗಿನಿಂದ ಬಂದದ್ದು. ಗ್ರಹಗಳ ಚಲನೆ, ಡಿಎನ್‌ಎ ಹೋಲಿಕೆ, ಗಿಟಾರಿನ ತಂತಿಯ ನಾದ, ಮತ ಎಣಿಕೆಯ ಪದ್ಧತಿ, ಪದ್ಯದ ಛಂದಸ್ಸು, ಯಾವುದಾದರೂ ಸರಿ. ಲೂಪ್ ಅನ್ನು ಲೂಪಿಗಾಗಿ ಕಲಿಸುವುದಿಲ್ಲ. ಗ್ರಹವನ್ನು ಒಂದು ಹೆಜ್ಜೆ ಮುಂದಿಡಿಸಿದವನು ಆರು ಸಾವಿರ ಹೆಜ್ಜೆ ಇಡಿಸಬೇಕಾದಾಗ ಲೂಪನ್ನು ತಾನಾಗಿಯೇ ಕೇಳುತ್ತಾನೆ.

ಹೀಗೆ ಕಲಿಸಿದರೆ ವಿದ್ಯಾರ್ಥಿಗೆ ಬೇಸರವಾಗುವುದಿಲ್ಲ ಎಂಬುದು ಸಾಮಾನ್ಯವಾಗಿ ಕೊಡುವ ಸಮರ್ಥನೆ. ಅದು ನಿಜವೇ, ಆದರೆ ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಬೇರೆ ಶಾಸ್ತ್ರದಿಂದ ಬಂದ ಸಮಸ್ಯೆ ತನ್ನ ಜೊತೆ ತನ್ನದೇ ಪರೀಕ್ಷಕನನ್ನೂ ಕರೆತರುತ್ತದೆ. ಪ್ಯಾಲಿಂಡ್ರೋಮ್ ಪ್ರೋಗ್ರಾಂ ಸರಿಯಿದೆಯೇ ಎಂದು ಹೇಳಲು ಮೇಷ್ಟ್ರು ಬೇಕು. ಭೂಮಿ ಸೂರ್ಯನ ಸುತ್ತ ಒಂದು ವರ್ಷದಲ್ಲಿ ಒಂದು ಸುತ್ತು ಬರದಿದ್ದರೆ ಪ್ರೋಗ್ರಾಂ ತಪ್ಪಿದೆ ಎಂದು ಹೇಳಲು ಯಾರೂ ಬೇಕಿಲ್ಲ.

ಹಳೆಯ ಕನಸು

ಪ್ರೋಗ್ರಾಮಿಂಗ್ ಎಲ್ಲ ವಿಷಯದ ವಿದ್ಯಾರ್ಥಿಗಳಿಗೂ ಬೇಕು ಎಂಬ ಮಾತು ಇತ್ತೀಚಿನದಲ್ಲ. ಅಮೆರಿಕದ ಆಲನ್ ಪರ್ಲಿಸ್ 1961ರಲ್ಲಿಯೇ, ಕಂಪ್ಯೂಟರುಗಳು ಕೋಣೆ ತುಂಬುವಷ್ಟು ದೊಡ್ಡದಾಗಿದ್ದ ಕಾಲದಲ್ಲಿ, ವಿಶ್ವವಿದ್ಯಾಲಯಕ್ಕೆ ಬಂದ ಪ್ರತಿಯೊಬ್ಬರೂ ಪ್ರೋಗ್ರಾಮಿಂಗ್ ಕಲಿಯಬೇಕೆಂದು ವಾದಿಸಿದ್ದರು. ಡಾರ್ಟ್‌ಮತ್ ಕಾಲೇಜಿನ ಗಣಿತ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಬೇಸಿಕ್ ಭಾಷೆ ರೂಪಿಸಿದ್ದೇ ವಿಜ್ಞಾನ ಓದದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅದರ ಮೊದಲ ಪ್ರೋಗ್ರಾಂ ಓಡಿದ್ದು 1964ರ ಮೇ 1ರಂದು.

ಭಾಷೆ ಸುಲಭವಾದರೂ ಪಾಠ ಸುಲಭವಾಗಲಿಲ್ಲ. ಇದಕ್ಕೆ ಜಾರ್ಜಿಯಾ ಟೆಕ್ ಒಳ್ಳೆಯ ಉದಾಹರಣೆ. ಅಲ್ಲಿ 1999ರಿಂದ ಎಲ್ಲ ವಿದ್ಯಾರ್ಥಿಗಳಿಗೂ ಕಂಪ್ಯೂಟಿಂಗ್ ಕಡ್ಡಾಯವಾಯಿತು. ಎಲ್ಲರಿಗೂ ಒಂದೇ ಪಾಠ ಇದ್ದಷ್ಟು ಕಾಲ ಕಲೆ, ವಾಸ್ತುಶಿಲ್ಪ, ವ್ಯವಹಾರ ನಿರ್ವಹಣೆಯ ವಿದ್ಯಾರ್ಥಿಗಳಲ್ಲಿ ನಪಾಸಾಗುವವರು, ಅರ್ಧಕ್ಕೆ ಬಿಡುವವರು ಬಹಳ. ಅಲ್ಲಿನ ಪ್ರಾಧ್ಯಾಪಕ ಮಾರ್ಕ್ ಗಜ್ಡಿಯಲ್ 2003ರಲ್ಲಿ ಆ ವಿದ್ಯಾರ್ಥಿಗಳಿಗಾಗಿಯೇ ಚಿತ್ರ ಮತ್ತು ಧ್ವನಿಯನ್ನು ಕೈಗೆ ಕೊಟ್ಟು ಕಲಿಸುವ ಕೋರ್ಸ್ ಆರಂಭಿಸಿದರು. ಫೋಟೊದ ಕೆಂಪು ಬಣ್ಣ ತಗ್ಗಿಸುವುದು ಲೂಪಿನ ಪಾಠವಾಯಿತು, ಧ್ವನಿಯನ್ನು ಹಿಂದುಮುಂದು ಮಾಡುವುದು ಅರೇಯ ಪಾಠವಾಯಿತು. ತೇರ್ಗಡೆಯಾಗುವವರ ಪ್ರಮಾಣ ಕಣ್ಣಿಗೆ ಕಾಣುವಷ್ಟು ಏರಿತು. ಕ್ಯಾಲಿಫೋರ್ನಿಯಾದ ಹಾರ್ವೆ ಮಡ್ ಕಾಲೇಜು ಕೂಡ ಅದೇ ದಶಕದಲ್ಲಿ ತನ್ನ ಮೊದಲ ಕೋರ್ಸನ್ನು ಪೈಥಾನ್ ಭಾಷೆಯಲ್ಲಿ, ವಿಜ್ಞಾನದ ಸಮಸ್ಯೆಗಳ ಸುತ್ತ ಮರುರೂಪಿಸಿತು. ಜೀವಶಾಸ್ತ್ರದಲ್ಲಿ ಆಸಕ್ತಿ ಇರುವವರಿಗೆ ಪ್ರತ್ಯೇಕ ತರಗತಿಯನ್ನೂ ಮುಂದೆ ತೆರೆಯಿತು. ಅಲ್ಲಿ ಕಂಪ್ಯೂಟರ್ ಸೈನ್ಸ್ ಆಯ್ದುಕೊಳ್ಳುವವರಲ್ಲಿ ಶೇ 10ರ ಆಸುಪಾಸಿನಲ್ಲಿದ್ದ ಹೆಣ್ಣುಮಕ್ಕಳ ಪಾಲು ಕೆಲವೇ ವರ್ಷಗಳಲ್ಲಿ ಶೇ 40ರ ಆಸುಪಾಸಿಗೆ ಬಂತು. ಇದಕ್ಕೆ ಬೇರೆ ಕಾರಣಗಳೂ ಇದ್ದವು. ಹೊಸಬರನ್ನೂ ಮೊದಲೇ ಪ್ರೋಗ್ರಾಮಿಂಗ್ ಬಲ್ಲವರನ್ನೂ ಬೇರೆ ಬೇರೆ ಕೂರಿಸಿದ್ದು ಅವುಗಳಲ್ಲಿ ಮುಖ್ಯವಾದದ್ದು.

ಈ ಬಗೆಯ ಬೋಧನೆಯನ್ನು ಎಲ್ಲಕ್ಕಿಂತ ಪೂರ್ಣವಾಗಿ ಕಟ್ಟಿದ್ದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ರಾಬರ್ಟ್ ಸೆಜ್‌ವಿಕ್ ಮತ್ತು ಕೆವಿನ್ ವೇಯ್ನ್. ಅವರ ಜಾವಾ ಪಠ್ಯಪುಸ್ತಕ 2007ರಲ್ಲಿ ಬಂತು, ಪೈಥಾನ್ ಆವೃತ್ತಿ 2015ರಲ್ಲಿ. ಹಲವು ಶಾಸ್ತ್ರಗಳನ್ನು ಬೆಸೆಯುವ ಪಾಠ ಎಂದು ಪುಸ್ತಕದ ಹೆಸರೇ ಸಾರುತ್ತದೆ. ಮುಂದೆ ಬರುವ ಉದಾಹರಣೆಗಳಲ್ಲಿ ಹೆಚ್ಚಿನವು ಅವರ ಕೋರ್ಸಿನವು.

ಜೂಜುಗಾರನಿಂದ ಗಿಟಾರಿಗೆ

ಲೂಪ್ ಕಲಿತ ಮೊದಲ ವಾರದಲ್ಲೇ ಕೊಡಬಹುದಾದ ಸಮಸ್ಯೆ ಜೂಜುಗಾರನದು. ಕೈಯಲ್ಲಿ 50 ರೂಪಾಯಿ ಇದೆ. ನಾಣ್ಯ ಚಿಮ್ಮಿ ಪ್ರತಿ ಸಲ ಒಂದು ರೂಪಾಯಿ ಪಂದ್ಯ ಕಟ್ಟುತ್ತಾನೆ. 250 ಆದರೆ ಎದ್ದು ಹೋಗುತ್ತಾನೆ, ಸೊನ್ನೆಯಾದರೆ ಆಟ ಮುಗಿಯಿತು. ಅವನು ಗೆದ್ದು ಏಳುವ ಸಂಭವ ಎಷ್ಟು? ಹದಿನೈದು ಸಾಲಿನ ಪ್ರೋಗ್ರಾಂ ಸಾಕು. ಸಾವಿರ ಸಲ ಆಡಿಸಿ ನೋಡಿದರೆ ಗೆಲುವು ಸುಮಾರು 200 ಸಲ. ಸಿದ್ಧಾಂತ ಹೇಳುವ ಉತ್ತರವೂ ಐದರಲ್ಲಿ ಒಂದೇ, ಅಂದರೆ 50 ಭಾಗಿಸು 250. ಒಂದು ಆಟ ಸರಾಸರಿ ಎಷ್ಟು ಪಂದ್ಯ ನಡೆಯುತ್ತದೆ ಎಂಬುದು ಇನ್ನೂ ಅಚ್ಚರಿಯ ಸಂಗತಿ: 50ನ್ನು 200ರಿಂದ ಗುಣಿಸಿದಷ್ಟು, ಹತ್ತು ಸಾವಿರ. 17ನೇ ಶತಮಾನದ ಗಣಿತಜ್ಞರು ಕಾಗದದ ಮೇಲೆ ಬಿಡಿಸಿದ ಪ್ರಶ್ನೆಯನ್ನು ಹದಿನೆಂಟರ ಹುಡುಗ ಪ್ರಯೋಗ ಮಾಡಿ ತಾಳೆ ನೋಡುತ್ತಾನೆ. ಸೂತ್ರ ಗೊತ್ತಿಲ್ಲದ ಕಡೆಯೂ ಇದೇ ಉಪಾಯ ನಡೆಯುತ್ತದೆ ಎಂಬ ಅರಿವು ಆ ವಾರದ ನಿಜವಾದ ಪಾಠ.

ಸೂತ್ರವೇ ಸಿಗದ ಪ್ರಶ್ನೆಯೂ ಕೋರ್ಸಿನಲ್ಲಿ ಬರುತ್ತದೆ. ಚೌಕಗಳ ದೊಡ್ಡ ಜಾಲ, ಪ್ರತಿ ಚೌಕವೂ ಒಂದು ನಿರ್ದಿಷ್ಟ ಸಂಭವದಂತೆ ತೆರೆದಿರುತ್ತದೆ ಅಥವಾ ಮುಚ್ಚಿರುತ್ತದೆ. ಕಾಫಿ ಫಿಲ್ಟರಿನಲ್ಲಿ ಪುಡಿಯ ಸಂದುಗಳ ಮೂಲಕ ಡಿಕಾಕ್ಷನ್ ಇಳಿಯುವಂತೆ ಮೇಲಿನಿಂದ ಕೆಳಗೆ ನೀರು ದಾರಿ ಹುಡುಕಬೇಕು. ತೆರೆದ ಚೌಕಗಳ ಪ್ರಮಾಣ ಶೇ 59.3ಕ್ಕಿಂತ ತುಸು ಕಡಿಮೆಯಾದರೂ ದೊಡ್ಡ ಜಾಲದಲ್ಲಿ ನೀರು ಇಳಿಯುವುದಿಲ್ಲ, ತುಸು ಹೆಚ್ಚಾದರೂ ಇಳಿದೇ ಇಳಿಯುತ್ತದೆ. ಈ ಸಂಖ್ಯೆಗೆ ನಿಖರ ಗಣಿತ ಸೂತ್ರ ಇಂದಿಗೂ ಇಲ್ಲ. ಸಿಮ್ಯುಲೇಶನ್ ಒಂದೇ ದಾರಿ. ಕಾಡ್ಗಿಚ್ಚು ಹರಡುವುದನ್ನೂ ಬಂಡೆಯ ಸಂದಿನಲ್ಲಿ ತೈಲ ಸಾಗುವುದನ್ನೂ ಇದೇ ಮಾದರಿಯಿಂದ ಅಭ್ಯಸಿಸುತ್ತಾರೆ.

ಸಂಗೀತದ ಸಮಸ್ಯೆ ಬೇರೆಯದೇ ಪಾಠ ಕಲಿಸುತ್ತದೆ. ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸಾಂಡರ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಮೀಟಿದ ತಂತಿಯ ನಾದವನ್ನು ಸಂಖ್ಯೆಗಳ ಒಂದು ಸಾಲಿನಿಂದ ಹೊರಡಿಸಬಹುದು. ಸೆಕೆಂಡಿಗೆ 44,100 ಮಾದರಿ ನುಡಿಸುವ ಕಂಪ್ಯೂಟರಿನಲ್ಲಿ 440 ಹರ್ಟ್ಜ್ ಸ್ವರ ಬೇಕೆಂದರೆ ಸಾಲಿನ ಉದ್ದ ಸುಮಾರು 100. ತಂತಿ ಮೀಟುವುದೆಂದರೆ ಆ ನೂರು ಜಾಗಗಳಿಗೂ ಯಾದೃಚ್ಛಿಕ ಸಂಖ್ಯೆ ತುಂಬುವುದು. ಆಮೇಲೆ ಮಾಡುವ ಕೆಲಸ ಇಷ್ಟೇ: ಸಾಲಿನ ಮುಂದಿರುವ ಎರಡು ಸಂಖ್ಯೆಗಳ ಸರಾಸರಿಯನ್ನು 0.996ರಿಂದ ಗುಣಿಸಿ ಸಾಲಿನ ಹಿಂದೆ ಸೇರಿಸುವುದು, ಮುಂದಿನದನ್ನು ತೆಗೆಯುವುದು. ಹೀಗೆ ತಿರುಗುತ್ತಾ ಹೋದಂತೆ ಗದ್ದಲವಾಗಿ ಶುರುವಾದದ್ದು ತಂತಿಯ ನಾದವಾಗಿ ಮಾರ್ಪಟ್ಟು ನಿಧಾನವಾಗಿ ಕ್ಷೀಣಿಸುತ್ತದೆ. ನಿಜವಾದ ತಂತಿಯಲ್ಲಿ ಎತ್ತರದ ಹಾರ್ಮೋನಿಕ್‌ಗಳು ಬೇಗ ಸಾಯುತ್ತವೆ. ಸರಾಸರಿ ತೆಗೆಯುವ ಕ್ರಿಯೆಯೂ ಅವನ್ನೇ ಮೊದಲು ಅಳಿಸುತ್ತದೆ.

ಪ್ರಿನ್ಸ್‌ಟನ್ನಿನ ಅಭ್ಯಾಸದಲ್ಲಿ 110ರಿಂದ 880 ಹರ್ಟ್ಜ್‌ವರೆಗೆ 37 ತಂತಿಗಳು. ಅಂದರೆ ಸೆಕೆಂಡಿಗೆ ಹದಿನಾರು ಲಕ್ಷ ಬಾರಿ ಮುಂದಿನದನ್ನು ತೆಗೆದು ಹಿಂದೆ ಸೇರಿಸಬೇಕು. ಮುಂದಿನದನ್ನು ತೆಗೆದಾಗಲೆಲ್ಲ ಉಳಿದವನ್ನು ಒಂದೊಂದು ಜಾಗ ಸರಿಸುತ್ತಾ ಕೂತರೆ ಪ್ರೋಗ್ರಾಂ ಹಿಂದೆ ಬಿದ್ದು ಧ್ವನಿ ತುಂಡುತುಂಡಾಗುತ್ತದೆ. ಸರಿಸದೆ, ಮೊದಲು ಮತ್ತು ಕೊನೆಯ ಗುರುತುಗಳನ್ನಷ್ಟೇ ವೃತ್ತಾಕಾರವಾಗಿ ಮುಂದೂಡುವ ರಿಂಗ್ ಬಫರ್ ಬಳಸಿದರೆ ನಾದ ಸರಾಗ. ಡೇಟಾ ಸ್ಟ್ರಕ್ಚರ್ ಯಾಕೆ ಬೇಕು ಎಂಬ ಪ್ರಶ್ನೆಗೆ ಕಪ್ಪು ಹಲಗೆಯ ಮೇಲೆ ಎಷ್ಟು ಬರೆದರೂ ಸಿಗದ ಉತ್ತರ ಇಲ್ಲಿ ಕಿವಿಗೆ ಕೇಳುತ್ತದೆ.

ಛಂದಸ್ಸಿನೊಳಗಿನ ರಿಕರ್ಶನ್

ರಿಕರ್ಶನ್ ಕಲಿಸುವಾಗ ಎಲ್ಲ ಪಠ್ಯಗಳೂ ಫಿಬೊನಾಚಿ ಸಂಖ್ಯೆಗಳಿಗೆ ಬರುತ್ತವೆ. 1202ರ ಇಟಲಿಯ ಪುಸ್ತಕದ ಮೊಲಗಳ ಕತೆ ಹೇಳುತ್ತವೆ. ಅದಕ್ಕಿಂತ ಮೊದಲೇ ಭಾರತದ ಛಂದಶ್ಶಾಸ್ತ್ರಜ್ಞರು, ವಿರಹಾಂಕನೂ 12ನೇ ಶತಮಾನದ ಹೇಮಚಂದ್ರನೂ, ಇದೇ ಸಂಖ್ಯೆಗಳನ್ನು ಪದ್ಯದ ಲೆಕ್ಕದಲ್ಲಿ ಕಂಡಿದ್ದರು. ಅವರ ಪ್ರಶ್ನೆ ಮೊಲಗಳಿಗಿಂತ ಸಹಜವಾಗಿದೆ, ಕನ್ನಡ ಶಾಲೆಯಲ್ಲಿ ಪ್ರಸ್ತಾರ ಹಾಕಿದ ಯಾರಿಗೂ ತಕ್ಷಣ ಅರ್ಥವಾಗುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ತುಂಬಬಹುದು?

ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ ಮೂರು ಮಾತ್ರೆ, ಗುರುವಾದರೆ ಎರಡು. ಆದ್ದರಿಂದ ನಾಲ್ಕರ ಉತ್ತರ ಎಂದರೆ ಮೂರರ ಉತ್ತರಕ್ಕೆ ಎರಡರ ಉತ್ತರವನ್ನು ಕೂಡಿದ್ದು. ಎರಡು ಮಾತ್ರೆಗೆ 2, ಮೂರಕ್ಕೆ 3, ನಾಲ್ಕಕ್ಕೆ 5, ಐದಕ್ಕೆ 8. ಒಂದು ಸಮಸ್ಯೆಯ ಉತ್ತರ ಅದೇ ಸಮಸ್ಯೆಯ ಚಿಕ್ಕ ರೂಪಗಳಲ್ಲಿದೆ ಎಂಬುದೇ ರಿಕರ್ಶನ್. ಅದನ್ನು ಎರಡು ಸಾಲಿನ ಫಂಕ್ಷನ್ ಆಗಿ ಬರೆದುಬಿಡಬಹುದು.

ಬರೆದ ಮೇಲೆ ಎರಡು ಕಂಟಕಗಳು ಎದುರಾಗುತ್ತವೆ, ಎರಡೂ ಅಮೂಲ್ಯ. ಸಿ ಭಾಷೆಯ ಸಾಮಾನ್ಯ 32 ಬಿಟ್ ಇಂಟ್ ಬಳಸಿದರೆ 45 ಮಾತ್ರೆಯವರೆಗೆ ಉತ್ತರ ಸರಿಯಾಗಿ ಬಂದು 46ಕ್ಕೆ ಋಣಸಂಖ್ಯೆ ಬರುತ್ತದೆ. ಅಷ್ಟು ಬಿಟ್‌ಗಳಲ್ಲಿ ಸುಮಾರು 214 ಕೋಟಿಗಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ, ನಿಜವಾದ ಉತ್ತರವೋ 297 ಕೋಟಿ ದಾಟಿದೆ. ಪದ್ಯದ ವಿನ್ಯಾಸಗಳ ಸಂಖ್ಯೆ ಸೊನ್ನೆಗಿಂತ ಕಡಿಮೆಯಾಗುವುದು ಅಸಾಧ್ಯ ಎಂದು ಗೊತ್ತಿರುವುದರಿಂದಲೇ ತಪ್ಪು ಕಣ್ಣಿಗೆ ಬೀಳುತ್ತದೆ. ಎರಡನೆಯದು ಸಮಯದ ಕಂಟಕ. 50 ಮಾತ್ರೆಗೆ ಈ ಫಂಕ್ಷನ್ ತನ್ನನ್ನು ತಾನು ಸಾವಿರಾರು ಕೋಟಿ ಸಲ ಕರೆದುಕೊಳ್ಳುತ್ತದೆ, ಯಾಕೆಂದರೆ ಒಮ್ಮೆ ಕಂಡುಹಿಡಿದದ್ದನ್ನೇ ಮತ್ತೆ ಮತ್ತೆ ಕಂಡುಹಿಡಿಯುತ್ತದೆ. ಸಿಕ್ಕ ಉತ್ತರಗಳನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡರೆ ಐವತ್ತಕ್ಕೂ ಕಡಿಮೆ ಕೂಡುವಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಡೈನಾಮಿಕ್ ಪ್ರೋಗ್ರಾಮಿಂಗ್ ಎಂಬ ಗಂಭೀರ ಹೆಸರಿನ ವಿದ್ಯೆಯ ಬೀಜ ಇದು.

ಕನ್ನಡದ ಛಂದಸ್ಸು ಇದಕ್ಕಿಂತಲೂ ಮುಂದಿನ ಅಭ್ಯಾಸವನ್ನು ಕೊಡಬಲ್ಲದು. ಪದ್ಯವನ್ನು ಕೊಟ್ಟರೆ ಲಘು ಗುರು ಗುರುತಿಸುವ ಪ್ರೋಗ್ರಾಂ ಬರೆಯುವುದು. ಮೊದಲ ಹೆಜ್ಜೆಯಲ್ಲೇ ಅಕ್ಷರ ಎಂದರೇನು ಎಂಬುದನ್ನು ಕಂಪ್ಯೂಟರಿಗೆ ಹೇಳಿಕೊಡಬೇಕಾಗುತ್ತದೆ. ‘ಕರ್ನಾಟಕ’ದ ಉದ್ದ ಎಷ್ಟು ಎಂದು ಪೈಥಾನನ್ನು ಕೇಳಿದರೆ 7 ಎನ್ನುತ್ತದೆ. ಯೂನಿಕೋಡಿನಲ್ಲಿ ಕ, ರ, ಹಲಂತದ ಗುರುತು, ನ, ದೀರ್ಘದ ಗುರುತು, ಟ, ಕ ಎಲ್ಲವೂ ಬೇರೆ ಬೇರೆ ಸಂಕೇತಗಳು. ಓದುವವರ ಲೆಕ್ಕದಲ್ಲಿ ಅಕ್ಷರ ನಾಲ್ಕು, ಮಾತ್ರೆ ಆರು. ಏಳು ಸಂಕೇತಗಳನ್ನು ನಾಲ್ಕು ಅಕ್ಷರವಾಗಿ ಕೂಡಿಸಬೇಕು. ಆಮೇಲೆ ದೀರ್ಘ ಸ್ವರ, ಅನುಸ್ವಾರ, ವಿಸರ್ಗಗಳನ್ನು ನೋಡಬೇಕು. ಮೊದಲ ‘ಕ’ ಗುರುವಾಗುವುದು ತನ್ನಿಂದಲ್ಲ, ಮುಂದೆ ಒತ್ತಕ್ಷರ ಬಂದದ್ದರಿಂದ. ಹಾಗಾಗಿ ಪ್ರೋಗ್ರಾಂ ಒಂದು ಅಕ್ಷರವನ್ನು ತೀರ್ಮಾನಿಸುವ ಮುನ್ನ ಮುಂದಿನದನ್ನು ಇಣುಕಿ ನೋಡಬೇಕು. ಕಂಪೈಲರುಗಳು ಪ್ರೋಗ್ರಾಂ ಓದುವಾಗ ಮಾಡುವುದೂ ಇದೇ ಕೆಲಸ.

ಪರೀಕ್ಷೆಗೆ ಭಾಮಿನಿ ಷಟ್ಪದಿ ಇದೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕರಂತೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ನಡೆ ಮುಂದುವರಿದು ಕೊನೆಗೊಂದು ಗುರು, ಒಟ್ಟು 23. ಇಡೀ ಪದ್ಯಕ್ಕೆ 102. ಕುಮಾರವ್ಯಾಸನ ಭಾರತವಿಡೀ ಈ ಲೆಕ್ಕದಲ್ಲಿದೆ, ಅಂದರೆ ಸಾವಿರಾರು ಪದ್ಯಗಳು ಪರೀಕ್ಷೆಗೆ ಸಿದ್ಧವಾಗಿ ನಿಂತಿವೆ. 102 ಬರದ ಪದ್ಯದಲ್ಲಿ ಪ್ರೋಗ್ರಾಂ ಎಡವಿರಬಹುದು, ಟೈಪ್ ಮಾಡಿದವರು ಎಡವಿರಬಹುದು, ಅಥವಾ ಪಾದದ ಕೊನೆಯ ಲಘುವನ್ನು ಗುರುವೆಂದು ಎಣಿಸುವ, ಶಿಥಿಲದ್ವಿತ್ವದ (ತೇಲಿಸಿ ಉಚ್ಚರಿಸುವ ಒತ್ತಕ್ಷರದ) ಹಿಂದಿನ ಅಕ್ಷರವನ್ನು ಲಘುವಾಗಿಯೇ ಬಿಡುವ ನಿಯಮ ಬಿಟ್ಟುಹೋಗಿರಬಹುದು. ಯಾವುದೆಂದು ಹುಡುಕುವ ವಿದ್ಯಾರ್ಥಿ ಒಂದೇ ಸಂಜೆಯಲ್ಲಿ ಡೀಬಗ್ಗಿಂಗನ್ನೂ ಕಾವ್ಯವನ್ನೂ ಓದುತ್ತಾನೆ. ನಾಗವರ್ಮನ ‘ಛಂದೋಂಬುಧಿ’ಯಿಂದ ಹಿಡಿದು ಸಾವಿರ ವರ್ಷ ನಿಖರವಾದ ನಿಯಮಗಳನ್ನು ಕೂಡಿಸಿಟ್ಟುಕೊಂಡ ಭಾಷೆಗೆ ಪ್ರೋಗ್ರಾಮಿಂಗ್ ಸಮಸ್ಯೆಗಳ ಕೊರತೆ ಇರಕೂಡದು.

ಎರಡು ಸಾಲಿನ ಅಕ್ಕಪಕ್ಕ

ಪಟ್ಟಿ ಬರೆದಿಟ್ಟುಕೊಳ್ಳುವ ಉಪಾಯವೇ ಜೀವಶಾಸ್ತ್ರದ ಒಂದು ಮೂಲಭೂತ ಸಾಧನ. ಎರಡು ಡಿಎನ್‌ಎ ಸಾಲುಗಳು ಎಷ್ಟು ಹೋಲುತ್ತವೆ ಎಂದು ಅಳೆಯಲು ಅವನ್ನು ಒಂದರ ಕೆಳಗೊಂದು ಜೋಡಿಸಬೇಕು. ಅಕ್ಷರ ಸರಿಹೊಂದಿದರೆ ದಂಡವಿಲ್ಲ, ಹೊಂದದಿದ್ದರೆ 1, ಖಾಲಿ ಜಾಗ ಬಿಟ್ಟರೆ 2. ಒಟ್ಟು ದಂಡ ಅತಿ ಕಡಿಮೆ ಬರುವ ಜೋಡಣೆ ಯಾವುದು? ಸಾಧ್ಯವಿರುವ ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಲು ಹೊರಟರೆ ಕೆಲವೇ ನೂರು ಅಕ್ಷರಗಳಿಗೆ ಜಗತ್ತಿನ ಯಾವ ಕಂಪ್ಯೂಟರೂ ಸಾಲದು. ಸಾಲ್ ನೀಡಲ್‌ಮನ್ ಮತ್ತು ಕ್ರಿಶ್ಚಿಯನ್ ವುನ್ಶ್ 1970ರಲ್ಲಿ ತೋರಿಸಿದಂತೆ ಒಂದು ಕೋಷ್ಟಕ ತುಂಬಿದರೆ ಸಾವಿರ ಅಕ್ಷರಗಳ ಎರಡು ಸಾಲುಗಳಿಗೆ ಹತ್ತು ಲಕ್ಷ ಚೌಕಗಳಷ್ಟೇ. ಲ್ಯಾಪ್‌ಟಾಪಿಗೆ ಅದು ಕ್ಷಣದ ಕೆಲಸ.

ಅಕ್ಷರ ಹತ್ತು ಸಾವಿರವಾದರೆ ಚೌಕ ಹತ್ತು ಕೋಟಿ, ಮೆಮೊರಿ 400 ಮೆಗಾಬೈಟ್. ಉದ್ದ ದುಪ್ಪಟ್ಟಾದರೆ ಮೆಮೊರಿ ನಾಲ್ಕು ಪಟ್ಟು. ತನ್ನ ಯಂತ್ರದಲ್ಲಿ ಎಷ್ಟು ಉದ್ದದವರೆಗೆ ಲೆಕ್ಕ ನಡೆದೀತು ಎಂದು ವಿದ್ಯಾರ್ಥಿ ಮೊದಲೇ ಅಂದಾಜಿಸಿ, ಆಮೇಲೆ ಓಡಿಸಿ ನೋಡಬೇಕು. ಮನುಷ್ಯನ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ ಎಂದು ತಿಳಿದಾಗ ಅಲ್ಗಾರಿದಮ್ಮುಗಳ ಸಂಶೋಧನೆ ಯಾಕೆ ಮುಗಿದಿಲ್ಲ ಎಂಬುದು ಹೇಳದೆಯೇ ತಿಳಿಯುತ್ತದೆ. ಕಾಗುಣಿತ ತಿದ್ದುವ ತಂತ್ರಾಂಶ ಹತ್ತಿರದ ಪದ ಹುಡುಕುವುದೂ ಇಂಥದೇ ಕೋಷ್ಟಕದಿಂದ. ಒಂದೇ ಕಾವ್ಯದ ಎರಡು ಹಸ್ತಪ್ರತಿಗಳ ಪಾಠಾಂತರ ಗುರುತಿಸಲು ಗ್ರಂಥ ಸಂಪಾದಕರೂ ಇದನ್ನು ಬಳಸಬಹುದು. ಶಾಸ್ತ್ರಗಳು ಬೇರೆಯಾದರೂ ಸಮಸ್ಯೆಯ ಎಲುಬು ಒಂದೇ ಎಂದು ಕಾಣುವುದೇ ಕಂಪ್ಯೂಟರ್ ಸೈನ್ಸಿನ ತಿರುಳು.

ಎರಡು ಸಾಲುಗಳ ಕ್ರಮ ಮತ್ತು ಭೂಮಿಯ ಗತಿ

ಸೂರ್ಯ, ಬುಧ, ಶುಕ್ರ, ಭೂಮಿ, ಮಂಗಳ. ಐದು ಕಾಯಗಳ ಸ್ಥಾನ, ವೇಗ, ದ್ರವ್ಯರಾಶಿಯನ್ನು ಒಂದು ಫೈಲಿನಲ್ಲಿ ಕೊಡುತ್ತಾರೆ. ನ್ಯೂಟನ್ 1687ರಲ್ಲಿ ಕೊಟ್ಟ ಗುರುತ್ವ ನಿಯಮವನ್ನು ಒಂದು ಪುಟದಲ್ಲಿ ವಿವರಿಸುತ್ತಾರೆ. 25,000 ಸೆಕೆಂಡಿನ ಹೆಜ್ಜೆಗಳಲ್ಲಿ ಐದು ವರ್ಷ, ಅಂದರೆ 15,77,88,000 ಸೆಕೆಂಡ್ ನಡೆಸಬೇಕು. ಹೆಜ್ಜೆಗಳು ಆರು ಸಾವಿರಕ್ಕೂ ಹೆಚ್ಚು. ಪ್ರತಿ ಹೆಜ್ಜೆಯಲ್ಲಿ ಒಂದೊಂದು ಕಾಯದ ಮೇಲೂ ಉಳಿದ ನಾಲ್ಕರ ಸೆಳೆತ ಲೆಕ್ಕ ಹಾಕಿ, ವೇಗ ಬದಲಿಸಿ, ಸ್ಥಾನ ಬದಲಿಸಿ, ಪರದೆಯ ಮೇಲೆ ಬಿಡಿಸುವುದು.

ಇಲ್ಲಿ ಆಗುವ ತಪ್ಪುಗಳು ಬಹಳ ಬೋಧಪ್ರದ. ಬುಧನ ಮೇಲಿನ ಸೆಳೆತ ಕಂಡುಹಿಡಿದ ಕೂಡಲೇ ಬುಧನನ್ನು ಸರಿಸಿಬಿಟ್ಟರೆ, ಶುಕ್ರನ ಸೆಳೆತವನ್ನು ಬುಧನ ಹೊಸ ಸ್ಥಾನದಿಂದ ಲೆಕ್ಕ ಹಾಕಿದಂತಾಗುತ್ತದೆ. ಎಲ್ಲರ ಸೆಳೆತ ಮುಗಿದ ಮೇಲೆಯೇ ಎಲ್ಲರೂ ಸರಿಯಬೇಕು, ಅದಕ್ಕೆ ಎರಡು ಪ್ರತ್ಯೇಕ ಲೂಪ್ ಬೇಕು. ಇನ್ನೊಂದು ತಪ್ಪು ಇನ್ನೂ ಸೂಕ್ಷ್ಮ. ವೇಗವನ್ನು ಮೊದಲು ಬದಲಿಸಿ ಹೊಸ ವೇಗದಿಂದ ಸ್ಥಾನ ಬದಲಿಸಿದರೆ ಕಕ್ಷೆ ಸ್ಥಿರವಾಗಿ ನಿಲ್ಲುತ್ತದೆ. ಆ ಎರಡು ಸಾಲುಗಳನ್ನು ಅದಲುಬದಲು ಮಾಡಿ ಹಳೆಯ ವೇಗದಿಂದ ಸ್ಥಾನ ಬದಲಿಸಿದರೆ ಗ್ರಹಗಳು ಸುತ್ತುತ್ತಾ ಸುತ್ತುತ್ತಾ ಸೂರ್ಯನಿಂದ ದೂರ ಸರಿಯುತ್ತವೆ, ಯಾಕೆಂದರೆ ಪ್ರತಿ ಹೆಜ್ಜೆಗೂ ಲೆಕ್ಕದಲ್ಲಿ ಇಲ್ಲದ ಶಕ್ತಿ ಸೇರಿಕೊಳ್ಳುತ್ತದೆ. ಕಂಪೈಲರ್ ಯಾವ ದೂರನ್ನೂ ಹೇಳುವುದಿಲ್ಲ. ವ್ಯಾಕರಣ ಶುದ್ಧವಾದ ಪ್ರೋಗ್ರಾಂ ಸುಳ್ಳು ಹೇಳಬಲ್ಲದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಅಭ್ಯಾಸ ಇನ್ನೊಂದಿಲ್ಲ.

ಐದು ಕಾಯಗಳಿಗೆ ಪ್ರತಿ ಹೆಜ್ಜೆಯಲ್ಲಿ 20 ಸೆಳೆತ. ಹತ್ತು ಸಾವಿರ ನಕ್ಷತ್ರಗಳಿಗೆ ಹತ್ತು ಕೋಟಿಗೆ ಹತ್ತಿರ. ದೂರದ ನಕ್ಷತ್ರಗಳ ಗುಂಪನ್ನು ಒಂದೇ ಕಾಯವೆಂದು ಭಾವಿಸಿ ಈ ಲೆಕ್ಕವನ್ನು ಬಹಳ ಮಟ್ಟಿಗೆ ತಗ್ಗಿಸುವ ವಿಧಾನವನ್ನು ಜಾಷ್ ಬಾರ್ನ್ಸ್ ಮತ್ತು ಪೀಟ್ ಹಟ್ 1986ರಲ್ಲಿ ಕೊಟ್ಟರು. ಆಸಕ್ತರಿಗೆ ಅದೂ ಮುಂದಿನ ಅಭ್ಯಾಸವಾಗಿ ಇದೆ.

ಸೂಕ್ಷ್ಮದರ್ಶಕದಿಂದ ಪರಮಾಣುವಿಗೆ

ಕೋರ್ಸಿನ ಶಿಖರ ಎನ್ನಬಹುದಾದ ಅಭ್ಯಾಸದಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಆವೊಗಾಡ್ರೊ ಸಂಖ್ಯೆಯನ್ನು ತಾನೇ ಅಳೆಯುತ್ತಾನೆ. ನೀರಿನಲ್ಲಿ ತೇಲುವ ಅತಿಸಣ್ಣ ಕಣಗಳು ಸುಮ್ಮನಿರದೆ ನಡುಗುತ್ತಿರುವುದನ್ನು ರಾಬರ್ಟ್ ಬ್ರೌನ್ 1827ರಲ್ಲಿ ಗಮನಿಸಿದ್ದರು. ಕಾಣದ ನೀರಿನ ಅಣುಗಳು ಎಡೆಬಿಡದೆ ಬಡಿಯುವುದರಿಂದ ಹೀಗಾಗುತ್ತದೆ, ಕಣ ಎಷ್ಟು ದೂರ ಅಲೆಯುತ್ತದೆ ಎಂದು ಅಳೆದರೆ ಅಣುಗಳ ಲೆಕ್ಕ ಸಿಗುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ತೋರಿಸಿದರು. ಫ್ರಾನ್ಸಿನ ಜ್ಯಾನ್ ಪೆರಾನ್ ಸೂಕ್ಷ್ಮದರ್ಶಕದ ಮುಂದೆ ಕೂತು ಅಳೆದು ಅದನ್ನು ನಿಜವೆಂದು ಸಾಧಿಸಿದರು. 1926ರ ಭೌತಶಾಸ್ತ್ರ ನೊಬೆಲ್ ಅವರಿಗೆ ಬಂತು. ಪರಮಾಣು ಇದೆಯೇ ಎಂಬ ಹಳೆಯ ವಿವಾದ ಕೊನೆಗೊಂಡದ್ದು ಬಹುಮಟ್ಟಿಗೆ ಆ ಕೆಲಸದಿಂದ.

ಪೆರಾನ್ ಕಣ್ಣಿನಿಂದ ಮಾಡಿದ್ದನ್ನು ವಿದ್ಯಾರ್ಥಿ ಪ್ರೋಗ್ರಾಮಿನಿಂದ ಮಾಡುತ್ತಾನೆ. ಅರ್ಧ ಮೈಕ್ರಾನ್ ತ್ರಿಜ್ಯದ ಪಾಲಿಸ್ಟೈರೀನ್ ಮಣಿಗಳು ನೀರಿನಲ್ಲಿ ಅಲೆಯುವ ಚಿತ್ರಗಳು, ಅರ್ಧ ಸೆಕೆಂಡಿಗೊಂದರಂತೆ, ಅವನ ಕೈಗೆ ಬರುತ್ತವೆ. ಚಿತ್ರ ಗದ್ದಲಮಯ. ಮೊದಲು ಒಂದು ಮಿತಿಗಿಂತ ಪ್ರಕಾಶವಾದ ಪಿಕ್ಸೆಲ್‌ಗಳನ್ನಷ್ಟೇ ಉಳಿಸಿಕೊಳ್ಳಬೇಕು. ಒಂದು ಪ್ರಕಾಶದ ಚುಕ್ಕೆಯಿಂದ ಹೊರಟು ಅದರ ನೆರೆಯ ಚುಕ್ಕೆ, ನೆರೆಯ ನೆರೆಯದು ಎಂದು ಹುಡುಕುತ್ತಾ ಹೋದರೆ ಒಂದು ಮಣಿ ಪೂರ್ತಿ ಸಿಗುತ್ತದೆ. ಇದೇ ಡೆಪ್ತ್ ಫಸ್ಟ್ ಸರ್ಚ್, ರಿಕರ್ಶನ್ನಿನ ನೇರ ಉಪಯೋಗ. 25ಕ್ಕಿಂತ ಕಡಿಮೆ ಪಿಕ್ಸೆಲ್ ಇರುವ ಗುಂಪನ್ನು ಮಣಿಯಲ್ಲವೆಂದು ಬಿಡಬೇಕು. ಉಳಿದವುಗಳ ಕೇಂದ್ರಬಿಂದು ಕಂಡುಹಿಡಿದು, ಮುಂದಿನ ಚಿತ್ರದಲ್ಲಿ ಅತಿ ಹತ್ತಿರದ ಮಣಿಯೊಂದಿಗೆ ಜೋಡಿಸಿ, ಎಷ್ಟು ಸರಿದಿದೆ ಎಂದು ಅಳೆಯಬೇಕು. ಒಂದು ಪಿಕ್ಸೆಲ್ ಎಂದರೆ 0.175 ಮೈಕ್ರಾನ್.

ಸರಿದ ದೂರಗಳ ವರ್ಗದ ಸರಾಸರಿಯಿಂದ ಪ್ರಸರಣ ಗುಣಾಂಕ ಸಿಗುತ್ತದೆ. ಅದರೊಂದಿಗೆ ನೀರಿನ ಉಷ್ಣತೆ, ಸ್ನಿಗ್ಧತೆ, ಮಣಿಯ ತ್ರಿಜ್ಯ ಸೇರಿಸಿದರೆ ಬೋಲ್ಟ್ಸ್‌ಮನ್ ಸ್ಥಿರಾಂಕ. ಅನಿಲ ಸ್ಥಿರಾಂಕವನ್ನು ಅದರಿಂದ ಭಾಗಿಸಿದರೆ ಆವೊಗಾಡ್ರೊ ಸಂಖ್ಯೆ, ಪಿಯುಸಿ ಪುಸ್ತಕದಲ್ಲಿ ಕಂಠಪಾಠ ಮಾಡಿದ ಅದೇ 6.022 × 10²³ರ ಸಮೀಪದ ಒಂದು ಸಂಖ್ಯೆ. ಕೆಲವು ನೂರು ಸಾಲಿನ ಪ್ರೋಗ್ರಾಂ ಸೂಕ್ಷ್ಮದರ್ಶಕಕ್ಕೂ ಕಾಣದ ಅಣುಗಳನ್ನು ಎಣಿಸಿಬಿಟ್ಟಿತು. ಚಿತ್ರ ಸಂಸ್ಕರಣೆ, ಹುಡುಕಾಟ, ಆಬ್ಜೆಕ್ಟ್‌ಗಳ ವಿನ್ಯಾಸ, ಸಂಖ್ಯಾಶಾಸ್ತ್ರ, ಎಲ್ಲವೂ ಒಂದೇ ಅಭ್ಯಾಸದಲ್ಲಿ ಇವೆ, ಯಾವುದೂ ಬಲವಂತವಾಗಿ ತುರುಕಿದ್ದಲ್ಲ. ಮೊದಲ ವರ್ಷಕ್ಕೆ ಇದಕ್ಕಿಂತ ಉತ್ತಮವಾದ ಅಭ್ಯಾಸ ಸಿಗುವುದು ಕಷ್ಟ.

ಸಮಾಜ ವಿಜ್ಞಾನದ ಪಾಲು

ಇಂಥ ಪಾಠ ವಿಜ್ಞಾನದವರಿಗೆ ಮಾತ್ರ ಎಂದುಕೊಳ್ಳಬೇಕಿಲ್ಲ. ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಲ್ಲಿ ಪ್ರಕಟಿಸಿದ ಮಾದರಿ ಚೌಕಗಳ ಹಲಗೆಯ ಮೇಲೆ ಎರಡು ಬಗೆಯ ಜನರನ್ನು ಕೂರಿಸುತ್ತದೆ. ನೆರೆಹೊರೆಯಲ್ಲಿ ಮೂರನೇ ಒಂದು ಭಾಗದಷ್ಟು ತನ್ನಂಥವರಿದ್ದರೆ ಸಾಕು ಎನ್ನುವವರೇ ಎಲ್ಲರೂ. ಇಲ್ಲದಿದ್ದರೆ ಮಾತ್ರ ಜಾಗ ಬದಲಿಸುತ್ತಾರೆ. ಅಷ್ಟು ಸೌಮ್ಯವಾದ ಆಸೆಯಿಂದಲೂ ಊರು ಕೇರಿ ಕೇರಿಯಾಗಿ ಒಡೆದುಹೋಗುತ್ತದೆ. ಎರಡು ಆಯಾಮದ ಅರೇ ಕಲಿಸಲು ಈ ಪ್ರೋಗ್ರಾಂ ಹೇಳಿ ಮಾಡಿಸಿದಂತಿದೆ, ಮನಸ್ಸಿನಲ್ಲಿ ಉಳಿಯುವುದಂತೂ ಸಮಾಜದ ಪಾಠ. ಹಾರ್ವರ್ಡ್‌ನ ಪ್ರಸಿದ್ಧ ಕೋರ್ಸ್ ಸಿಎಸ್50ರಲ್ಲಿ ಒಂದೇ ಮತಪತ್ರಗಳನ್ನು ಬೇರೆ ಬೇರೆ ಪದ್ಧತಿಯಲ್ಲಿ ಎಣಿಸುವ ಅಭ್ಯಾಸಗಳಿವೆ. ಎಣಿಸುವ ನಿಯಮ ಬದಲಾದರೆ ಗೆಲ್ಲುವವರೂ ಬದಲಾಗಬಹುದು ಎಂದು ಅಲ್ಲಿ ಗೊತ್ತಾಗುತ್ತದೆ.

ಭಾಷೆಯ ಕಡೆಯಿಂದ ರಷ್ಯದ ಗಣಿತಜ್ಞ ಆಂದ್ರೇ ಮಾರ್ಕೊವ್ ಇದ್ದಾರೆ. 1913ರಲ್ಲಿ ಅವರು ಪುಷ್ಕಿನ್ನನ ಪದ್ಯಕಾದಂಬರಿಯ ಮೊದಲ 20,000 ಅಕ್ಷರಗಳಲ್ಲಿ ಸ್ವರದ ನಂತರ ವ್ಯಂಜನ ಎಷ್ಟು ಸಲ ಬರುತ್ತದೆ ಎಂದು ಕೈಯಲ್ಲೇ ಎಣಿಸಿದರು. ಇಂಥ ಎಣಿಕೆಯ ಆಧಾರದ ಮೇಲೆ, ಕೆಲವು ಅಕ್ಷರ ನೋಡಿ ಮುಂದಿನದನ್ನು ಊಹಿಸುವ ಪ್ರೋಗ್ರಾಮನ್ನು ಮೊದಲ ವರ್ಷದಲ್ಲೇ ಬರೆದವರಿಗೆ ಇಂದಿನ ಭಾಷಾ ಮಾದರಿಗಳು ಮಾಯಾಜಾಲವಾಗಿ ಕಾಣುವುದಿಲ್ಲ.

ಎಚ್ಚರಗಳು

ಈ ದಾರಿಯಲ್ಲಿ ಕಷ್ಟಗಳಿಲ್ಲವೆಂದಲ್ಲ. ಭೌತಶಾಸ್ತ್ರ ಗೊತ್ತಿಲ್ಲದವನಿಗೆ ಗ್ರಹಗಳ ಅಭ್ಯಾಸ ಎರಡು ಹೊರೆಗಳನ್ನು ಒಟ್ಟಿಗೆ ಹೊರಿಸಬಹುದು. ಬೇಕಾದಷ್ಟು ಶಾಸ್ತ್ರವನ್ನು ಒಂದೆರಡು ಪುಟದಲ್ಲಿ, ಸೂತ್ರ ಸಮೇತ, ಶಿಕ್ಷಕರೇ ಬರೆದುಕೊಡಬೇಕು. ಸೂತ್ರವನ್ನು ಸಾಧಿಸುವುದು ಈ ತರಗತಿಯ ಕೆಲಸವಲ್ಲ. ದತ್ತಾಂಶದ ಫೈಲುಗಳನ್ನು ಶುದ್ಧಗೊಳಿಸಿ ಕೊಡಬೇಕು. ಚಿತ್ರ ಬಿಡಿಸುವ, ಧ್ವನಿ ನುಡಿಸುವ ಸಣ್ಣ ಲೈಬ್ರರಿಗಳನ್ನು ಸಿದ್ಧವಾಗಿಟ್ಟಿರಬೇಕು. ನಡುನಡುವೆ ತಾಳೆ ನೋಡಲು ಚಿಕ್ಕ ಉದಾಹರಣೆಗಳೂ ಅವುಗಳ ಸರಿಯುತ್ತರಗಳೂ ಬೇಕು. ಇಲ್ಲದಿದ್ದರೆ ಕೊನೆಯ ಸಂಖ್ಯೆ ತಪ್ಪಾದಾಗ ಎಲ್ಲಿ ತಪ್ಪಿತೆಂದು ಹುಡುಕುವುದರಲ್ಲೇ ಹೊಸಬನ ಉತ್ಸಾಹ ಸೋರಿಹೋಗುತ್ತದೆ. ಸಣ್ಣ ಅಭ್ಯಾಸಗಳನ್ನು ಪೂರ್ತಿ ಕೈಬಿಡುವುದೂ ತಪ್ಪು. ಬೆರಳಿಗೆ ಭಾಷೆ ಒಗ್ಗಲು ಅವು ಬೇಕೇ ಬೇಕು.

ಶಿಕ್ಷಕರಿಗೆ ಇದು ಹೆಚ್ಚಿನ ದುಡಿಮೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಿಲ್ಲ. ಸೆಜ್‌ವಿಕ್ ಮತ್ತು ವೇಯ್ನ್ ತಮ್ಮ ಪುಸ್ತಕದ ಪ್ರೋಗ್ರಾಂಗಳು, ಲೈಬ್ರರಿಗಳು, ದತ್ತಾಂಶದ ಫೈಲುಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಜೀವಶಾಸ್ತ್ರದ ಸಮಸ್ಯೆಗಳಿಗಾಗಿಯೇ 2012ರಲ್ಲಿ ಆರಂಭವಾದ, ರೊಸಲಿಂಡ್ ಫ್ರಾಂಕ್ಲಿನ್ ಹೆಸರಿನ ‘ರೊಸಲಿಂಡ್’ ತಾಣ ಡಿಎನ್‌ಎಯ ನಾಲ್ಕು ಅಕ್ಷರ ಎಣಿಸುವುದರಿಂದ ಶುರುವಾಗಿ ಹಂತ ಹಂತವಾಗಿ ಏರುತ್ತದೆ.

ಪ್ಯಾಲಿಂಡ್ರೋಮ್ ಪ್ರೋಗ್ರಾಮನ್ನು ಈಗ ಎಐ ಸಾಧನಗಳು ಕ್ಷಣದಲ್ಲಿ ಬರೆದುಕೊಡುತ್ತವೆ. ಬರೆದುಕೊಟ್ಟದ್ದು ನಂಬಲರ್ಹವೇ ಎಂದು ತೀರ್ಮಾನಿಸುವುದು ಮನುಷ್ಯನಿಗೆ ಉಳಿದ ಕೆಲಸ, ಅದಕ್ಕೆ ವಿಷಯಜ್ಞಾನ ಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲ್ಲ ಶಾಖೆಯ ವಿದ್ಯಾರ್ಥಿಗಳೂ ಮೊದಲ ವರ್ಷ ಪ್ರೋಗ್ರಾಮಿಂಗ್ ಕಲಿಯುತ್ತಾರೆ ಎಂಬುದೇ ದೊಡ್ಡ ಅನುಕೂಲ. ಸಿವಿಲ್ ಓದುವವರಿಗೆ ತೊಲೆಯ ಬಾಗುವಿಕೆ, ಎಲೆಕ್ಟ್ರಾನಿಕ್ಸ್‌ನವರಿಗೆ ತಂತಿಯ ನಾದ, ಬಯೊಟೆಕ್ನಾಲಜಿಯವರಿಗೆ ಡಿಎನ್‌ಎ, ಕನ್ನಡ ಐಚ್ಛಿಕದ ಬಿಎ ವಿದ್ಯಾರ್ಥಿಗಳಿಗೆ ಭಾಮಿನಿಯ ಮಾತ್ರೆ. ಲ್ಯಾಬ್ ಪಟ್ಟಿಯ ಎಲ್ಲವನ್ನೂ ಬದಲಿಸಬೇಕಿಲ್ಲ. ಬರುವ ಸೆಮಿಸ್ಟರಿನಲ್ಲಿ ಎರಡು ಪ್ರೋಗ್ರಾಂಗಳನ್ನಾದರೂ ವಿದ್ಯಾರ್ಥಿಯ ಸ್ವಂತ ವಿಷಯದಿಂದ ಆರಿಸಿಕೊಳ್ಳಲು ಅಧ್ಯಯನ ಮಂಡಳಿಗಳು ಅವಕಾಶ ಕೊಡಲಿ, ಶಿಕ್ಷಕರು ಆ ಅವಕಾಶವನ್ನು ಬಳಸಿಕೊಳ್ಳಲಿ.